ಬಿಡುಗಂಟು

ಮಗುವಿನ ಸೊಂಟ ಎಷ್ಟು ಸಣ್ಣದೆಂದರೆ ಸೀರೆ ನಿಲ್ಲಲು ಕಟ್ಟುವ ಲಾಡಿಯನ್ನು ಎರಡು ಸುತ್ತು ಸುತ್ತಿದ ಮೇಲೂ ಗಂಟಮ್ಮನ ಕೈಯಲ್ಲಿ ಒಂದು ಗೇಣು ಉಳಿಯಿತು. ಆ ಉಳಿದ ಗೇಣಿನಿಂದ ಏನು ಮಾಡಬೇಕೆಂದು ಆಕೆ ಬಹಳ ದಿನದಿಂದ ಯೋಚಿಸಿದ್ದಳು. ದೇವರ ದೀಪದ ಮುಂದೆ ಕಣ್ಣು ಮುಚ್ಚಿ ಕೂತಾಗಲೂ ಅದನ್ನೇ ಯೋಚಿಸಿದ್ದಳು, ಯೋಚನೆ ಬಂದದ್ದಕ್ಕೆ ಕ್ಷಮೆ ಕೇಳಿದ್ದಳು, ಕ್ಷಮೆ ಕೇಳಿ ಮುಗಿಯುವ ಮೊದಲೇ ಮತ್ತೆ ಯೋಚಿಸಿದ್ದಳು. ಈಗ ಬೆರಳುಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಲಾಡಿಯ ಒಂದು ತುದಿ ಮಡಿಸಿಕೊಂಡು ಕುಣಿಕೆಯಾಯಿತು, ಇನ್ನೊಂದು ತುದಿ ಅದನ್ನು ಬಳಸಿ ಒಳಗೆ ನುಸುಳಿತು, ಎಳೆದಾಗ ಗಂಟು ಕೂತಿತು. ನೋಡುವವರಿಗೆ ಅದು ಎಲ್ಲ ಗಂಟುಗಳ ಹಾಗೆ ಒಂದು ಗಂಟು. ನಾಟಕ ಕಂಪನಿಯಲ್ಲಿ ಅದಕ್ಕೆ ಬಿಡುಗಂಟು ಎನ್ನುತ್ತಿದ್ದರು. ರಂಗದ ಮೇಲೆ ರಾಣಿ ಎರಡೂ ಕೈ ಎತ್ತಿ ಶಪಿಸುವ ಹೊತ್ತಿಗೆ ಮೈಮೇಲಿನ ಜರಿ ಸೀರೆ ತಾನಾಗಿ ಜಾರಿ ಬಿದ್ದು ಒಳಗಿನ ಬಿಳಿ ಬಟ್ಟೆ ಕಾಣಬೇಕು; ಅದಕ್ಕೆ ಗಂಟಿನ ಬಾಲವನ್ನು ಸೆರಗಿನ ಒಳಮಡಿಕೆಗೆ ಒಂದೇ ಹೊಲಿಗೆಯಲ್ಲಿ ಸಿಕ್ಕಿಸಿಡುತ್ತಿದ್ದರು. ಕೈ ಕೆಳಗಿರುವಷ್ಟು ಹೊತ್ತು ಗಂಟು ಕಲ್ಲು. ಎಡಗೈ ತಲೆಯ ಮೇಲೆ ಹೋಯಿತೋ, ಸೆರಗು ಬಾಲವನ್ನು ಎಳೆಯುತ್ತದೆ, ಕುಣಿಕೆ ಬಿಚ್ಚುತ್ತದೆ, ನಿರಿಗೆಗಳೆಲ್ಲ ಒಟ್ಟಿಗೆ ಕಾಲಬುಡಕ್ಕೆ ಬರುತ್ತವೆ. ಜನ ಹೋ ಎನ್ನುತ್ತಿದ್ದರು. ವೇಷದ ಕೋಣೆಯಲ್ಲಿ ಆಯುಷ್ಯ ಸವೆಸಿದ ಆಕೆಗೆ ಗಂಟಮ್ಮ ಎಂಬ ಹೆಸರು ಬಿದ್ದದ್ದು ಅದರಿಂದಲೇ. ಕಂಪನಿ ಮುಚ್ಚಿದರೂ ಹೆಸರು ಉಳಿಯಿತು. ಮಗಳು ಸಹ ಮುನಿಸು ಬಂದಾಗ ಅಮ್ಮ ಎನ್ನುವುದನ್ನು ಬಿಟ್ಟು ಗಂಟಮ್ಮನವರೇ ಎನ್ನುತ್ತಿದ್ದಳು.

"ಅಲ್ಲಾಡಬೇಡ," ಎಂದಳು ಮೊಮ್ಮಗಳಿಗೆ.

"ನಾನೆಲ್ಲಿ ಅಲ್ಲಾಡಿದೆ? ಸ್ಟೂಲ್ ಅಲ್ಲಾಡ್ತಿದೆ."

"ಸ್ಟೂಲಿಗೂ ಹೇಳು, ಅಜ್ಜಿ ಬೈತಾಳೆ ಅಂತ."

ಎರಡನೆಯ ತರಗತಿಯ ಈ ಮಗುವಿಗೆ ಗಿಲಕಿ ಎಂದು ಹೆಸರಿಟ್ಟವಳು ಅದರ ತಾಯಿ, ಗಂಟಮ್ಮನ ಮಗಳು. ಹುಟ್ಟಿದಾಗಿನಿಂದ ಸದ್ದು ಮಾಡುವುದೇ ಕೆಲಸವಾಗಿತ್ತು ಇದಕ್ಕೆ. ಹೆಸರಿಟ್ಟವಳು ಈಗಿಲ್ಲ. ಅವಳು ಮಲಗಿದ್ದ ಮಂಚ ಇದೇ ಕೋಣೆಯಲ್ಲಿ ಕಿಟಕಿಗೆ ತಾಗಿಕೊಂಡಿತ್ತು, ಈಗ ಆಚೆ ಗೋಡೆಗೆ ಹೋಗಿದೆ. ನೆಲದ ಹಾಸಿನ ಮೇಲೆ ಕಾಲುಗಳು ಒತ್ತಿದ ಗುಂಡಿಗಳು ಮಾತ್ರ ಹಳೆಯ ಜಾಗದಲ್ಲೇ ಇವೆ. ಸ್ಟೂಲನ್ನು ಗಂಟಮ್ಮ ಬೇಕೆಂದೇ ಆ ಗುಂಡಿಗಳ ನಡುವೆ ಇಟ್ಟಿದ್ದಳು. ಬಾಗಿಲಲ್ಲಿ ಅಳಿಯನ ಎರಡನೆಯ ಹೆಂಡತಿ ಪಿನ್ನಿನ ಡಬ್ಬಿ ಹಿಡಿದು ನಿಂತಿದ್ದಳು. ಒಳಗೆ ಬರಲೋ ಬೇಡವೋ ಎಂಬ ಆ ನಿಲುವು ಗಂಟಮ್ಮನಿಗೆ ಚೆನ್ನಾಗಿ ಗೊತ್ತು. ಮೊದಲ ಸಲ ಈ ಮನೆಗೆ ಬಂದಾಗಲೂ ಅವಳು ಹೀಗೇ, ಇದೇ ಬಾಗಿಲಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಹಾಸಿಗೆ ಹಿಡಿದ ಮಗಳ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯವರು ಕಳಿಸಿದ್ದ ಹುಡುಗಿ. ಬನ್ನಿ ಒಳಗೆ, ಚಪ್ಪಲಿ ಅಲ್ಲೇ ಬಿಡಿ, ಎಂದು ಕರೆದವಳು ಗಂಟಮ್ಮನೇ.

"ಒಂದೆರಡು ಪಿನ್ ಹಾಕೋದು ಬೇಡ್ವಾ ಅಮ್ಮಾ? ಕುಣೀತಾಳಲ್ಲ, ಅದಕ್ಕೆ ಕೇಳಿದೆ."

"ಪಿನ್ನು ಚುಚ್ಚೋಕೆ ಮಗು ಏನು ನೋಟಿಸ್ ಬೋರ್ಡಾ?"

ಅವಳು ನಕ್ಕಳು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಗಂಟಮ್ಮನಿಗೆ ಆ ನಗುವೇ ಆಗುತ್ತಿರಲಿಲ್ಲ. ಇವಳು ಜಗಳವಾಡುವವಳಾಗಿದ್ದರೆ, ಮಗುವಿಗೆ ಒಂದು ಏಟು ಹೊಡೆದಿದ್ದರೆ, ಸತ್ತವಳ ಫೋಟೋ ತೆಗೆದು ಅಟ್ಟಕ್ಕೆ ಹಾಕಿದ್ದರೆ, ಒಂದು ದಾರಿ ಸಿಗುತ್ತಿತ್ತು. ಫೋಟೋದ ಗಾಜನ್ನು ಇವಳು ದಿನಾ ಒರೆಸುತ್ತಾಳೆಂದು ಅಳಿಯನೇ ಹೇಳಿದ್ದ. ದೂರು ಹೇಳಲು ಏನೂ ಸಿಗದ ಹೊಟ್ಟೆಯುರಿ ಬೇರೆ ಎಲ್ಲದಕ್ಕಿಂತ ಹೆಚ್ಚು ಸುಡುತ್ತದೆಂದು ಗಂಟಮ್ಮ ಈ ಮನೆಯಲ್ಲಿ ಕಲಿತಳು. ಅಂದು ಮಗಳ ಮೊಣಕಾಲನ್ನು ಈ ಹುಡುಗಿ ಎರಡು ಕೈಯಲ್ಲಿ ಹಿಡಿದು, ಹಾಲಿನ ಪಾತ್ರೆ ಎತ್ತುವಷ್ಟು ಹುಷಾರಾಗಿ ಎತ್ತಿ ಮಡಿಸುತ್ತಿದ್ದುದನ್ನು ನೋಡುತ್ತ ಗಂಟಮ್ಮ ಅಳಿಯನ ಎದುರಿಗೇ ಹೇಳಿದ್ದಳು: ಇವಳೂ ನನಗೆ ಮಗಳ ಹಾಗೇ. ಬಾಯಿಂದ ಜಾರಿದ ಆ ಮಾತನ್ನು ಎಲ್ಲರೂ ಕೇಳಿಸಿಕೊಂಡರು. ಅಳಿಯ ಕೇಳಿಸಿಕೊಂಡ. ಮಂಚದ ಮೇಲಿದ್ದವಳೂ ಕೇಳಿಸಿಕೊಂಡಳು, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಮಗಳು ಹೋಗಿ ವರ್ಷ ತುಂಬಿ ಸ್ವಲ್ಪ ಕಾಲಕ್ಕೆ ಅಳಿಯ ಬಂದು, ಈ ಹುಡುಗಿಯನ್ನು ಮದುವೆಯಾಗುವ ಮಾತೆತ್ತಿ, ತಲೆ ತಗ್ಗಿಸಿ, ಅತ್ತೆ, ನೀವೇ ಹೇಳಿದ್ರಲ್ಲ, ಎಂದಿದ್ದ.

ಆಮೇಲೆ ಆಕೆಗೆ ಈ ಮನೆಯಲ್ಲಿ ಉಳಿದದ್ದು ಒಂದೇ. ಹುಟ್ಟಿದ ಹಬ್ಬಕ್ಕೋ, ಮದುವೆಮನೆಗೋ, ಶಾಲೆಯ ನಾಟಕಕ್ಕೋ ಮಗುವಿಗೆ ಬಟ್ಟೆ ತೊಡಿಸುವುದು ಅಜ್ಜಿಯ ಪಾಲು. ಅದನ್ನು ಯಾರೂ ಬಾಯಿಬಿಟ್ಟು ಕೊಟ್ಟಿರಲಿಲ್ಲ, ಯಾರೂ ಕಿತ್ತುಕೊಂಡಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದು, ಬೆನ್ನಿನ ಗುಂಡಿ ಹಾಕಿ, ಕೂದಲು ಬಾಚಿ, ಕತ್ತಿನ ಹಿಂದಿನ ಆ ಬೆಚ್ಚಗಿನ ಜಾಗಕ್ಕೆ ಮೂಗು ತಾಗಿಸಿ ಹೋಗುವುದು. ಆ ಜಾಗದಲ್ಲಿ ಮಗಳದೇ ವಾಸನೆ. ಅಷ್ಟು ಸಿಕ್ಕಿದರೆ ಗಂಟಮ್ಮ ಒಂದು ತಿಂಗಳು ಉಸಿರಾಡುತ್ತಿದ್ದಳು. ಹೋದ ತಿಂಗಳು ಫೋನ್ ಮಾಡಿದಾಗ ಎತ್ತಿದ್ದು ಮಗು. ಎತ್ತಿ, ಒಳಗಿನ ಕೋಣೆಯ ಕಡೆ ಕೂಗಿತು: "ಅಮ್ಮಾ, ಅಜ್ಜಿ ಫೋನು!" ಅಲ್ಲಿಯವರೆಗೆ ಮಗುವಿಗೆ ಆಂಟಿಯಾಗಿದ್ದವಳು ಅಂದು ಅಮ್ಮನಾಗಿದ್ದಳು. ಗಂಟಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದಳು. ಒಳಗಿನಿಂದ ಬಂದವಳು, ಅಮ್ಮಾ, ಶಾಲೆಯಲ್ಲಿ ನಮ್ಮ ಉಡುಗೆ ಅಂತ ಒಂದು ಕಾರ್ಯಕ್ರಮ, ಹೆಣ್ಣುಮಕ್ಕಳಿಗೆ ಸೀರೆ, ತಾಯಂದಿರೇ ಉಡಿಸಿ ಕರ್ಕೊಂಡು ಬರ್ಬೇಕಂತೆ, ನನಗೆ ನನ್ನ ಸೀರೇನೇ ನೆಟ್ಟಗೆ ಉಡೋಕೆ ಬರಲ್ಲ, ನೀವೇ ಬರ್ಬೇಕು, ಎಂದು ಒಂದೇ ಉಸಿರಿಗೆ ಹೇಳಿದಳು. ಹಾಡು ಯಾವುದು, ಕುಣಿತ ಹೇಗೆ ಎಂದು ಗಂಟಮ್ಮ ವಿಚಾರಿಸಿದಳು. ಹಕ್ಕಿಗಳ ಹಾಡಂತೆ. ಕೊನೆಯಲ್ಲಿ ಮಕ್ಕಳೆಲ್ಲ ಎರಡೂ ಕೈ ಎತ್ತಿ ಹಾರಿಹೋಗುತ್ತಾರಂತೆ. ಎರಡೂ ಕೈ? ಎಂದು ಗಂಟಮ್ಮ ಇನ್ನೊಮ್ಮೆ ಕೇಳಿದಳು. ಆಗ ಅದು ಮನಸ್ಸಿನಲ್ಲಿ ಬಂದು ಕೂತಿತು, ಯಾರೋ ಬಾಗಿಲು ತೆರೆದು ಒಳಗೆ ಬಂದು ಕುರ್ಚಿಯಲ್ಲಿ ಕೂತ ಹಾಗೆ. ಬರ್ತೀನಿ, ಆದರೆ ಒಂದು ಮಾತು, ಎಂದಳು: ಅಲ್ಲಿ ನನ್ನ ಹೆಸರು ಹೇಳಬೇಡ. ತಾಯಂದಿರು ಉಡಿಸಬೇಕು ಅಂದಮೇಲೆ ನೀನೇ ಉಡಿಸಿದ್ದು ಅಂತ ಹೇಳು. ಮಗುಗೂ ಹೇಳ್ಕೊಡು. ಆ ಕಡೆ ಮೂಗು ಎಳೆದುಕೊಂಡದ್ದು ಕೇಳಿಸಿತು. ಅಮ್ಮಾ, ನೀವು ಎಷ್ಟು ದೊಡ್ಡವರು, ಎಂದಳು ಅವಳು. ಗಂಟಮ್ಮ ಫೋನಿಟ್ಟು ಕೈ ತೊಳೆದುಕೊಂಡಳು.

ಸೀರೆ ಮಗಳದು. ಈರುಳ್ಳಿ ಸಿಪ್ಪೆಯ ಬಣ್ಣದ ರೇಷ್ಮೆ, ಅಂಚಿನಲ್ಲಿ ಬೆರಳಗಲದ ಜರಿ. ಕತ್ತರಿಸಬಾರದೆಂದು ಉದ್ದಕ್ಕೂ ಎರಡಾಗಿ ಮಡಿಸಿ ಮಗುವಿನ ಎತ್ತರಕ್ಕೆ ತಂದಿದ್ದಳು. ನಿರಿಗೆ ಹಿಡಿಯುವಾಗ ಬೆರಳುಗಳು ತಮ್ಮಷ್ಟಕ್ಕೆ ಓಡಿದವು. ಎಷ್ಟೋ ರಾಣಿಯರು, ದಾಸಿಯರು, ಹೆಂಗಸಿನ ವೇಷದ ಗಂಡಸರು ಈ ಬೆರಳುಗಳ ಕೆಳಗೆ ಹಾದುಹೋಗಿದ್ದರು. ಒಳಗೆ ಮಗು ಚಡ್ಡಿ ಹಾಕಿಕೊಂಡಿದೆ, ಮೇಲೆ ರವಿಕೆ ಇದೆ, ಸೀರೆ ಬಿದ್ದರೆ ಮಗುವಿನ ಮಾನವೇನೂ ಹೋಗುವುದಿಲ್ಲ ಎಂದು ತನ್ನೊಳಗೆ ವಾದ ಮಾಡಿದಳು. ಮಕ್ಕಳು ಇವತ್ತು ಬಿದ್ದದ್ದನ್ನು ನಾಳೆ ಮರೆಯುತ್ತವೆ. ಮುಂದಿನ ಸಾಲಿನಲ್ಲಿ ಕೂತವಳು ಮರೆಯುವುದಿಲ್ಲ. ತುಂಬಿದ ಸಭೆಯಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳುತ್ತಾರೆ: ಪಾಪ, ಮಗುವಿಗೆ ಸ್ವಂತ ತಾಯಿ ಇಲ್ಲ, ಇವಳು ಎರಡನೆಯವಳು, ಒಂದು ಸೀರೆ ನೆಟ್ಟಗೆ ಉಡಿಸಿಲ್ಲ ನೋಡಿ. ಆ ಮಾತನ್ನು ಗಂಟಮ್ಮ ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿದ್ದಳೆಂದರೆ ಅದನ್ನು ಆಡುವ ಹೆಂಗಸಿನ ದನಿಯೂ, ಕಿವಿಯೋಲೆಯೂ ಗೊತ್ತಾಗಿಬಿಟ್ಟಿತ್ತು. ಸೂಜಿಗೆ ದಾರ ಪೋಣಿಸಿ ಬಾಲವನ್ನು ಸೆರಗಿನ ಒಳಮಡಿಕೆಗೆ ಒಂದು ಹೊಲಿಗೆ ಹಾಕಿದಳು. ದಾರವನ್ನು ಹಲ್ಲಿನಿಂದ ಕಡಿಯಲು ಬಗ್ಗಿದಾಗ ಮಗುವಿನ ಕತ್ತು ಹತ್ತಿರ ಬಂತು. ಈ ದಿನ ಆಕೆ ಮೂಗು ತಾಗಿಸಲಿಲ್ಲ.

ಲಿಫ್ಟಿನ ಬಳಿ ಅಳಿಯ ಕಾರಿನ ಬೀಗದ ಕೈ ತಿರುಗಿಸುತ್ತ ಕಾಯುತ್ತಿದ್ದ. ಹಲ್ಲಿನ ಡಾಕ್ಟರು, ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಬಾಯಿ ನೋಡುವ ಅಭ್ಯಾಸ.

"ಅಬ್ಬಾ, ಯಾರಿದು? ಯಾವ ರಾಜ್ಯದ ರಾಣಿ?" ಎಂದ. "ಅತ್ತೆ, ನೀವಿಲ್ದಿದ್ರೆ ಇವಳಿಗೆ ಟವೆಲ್ ಸುತ್ತಿ ಕಳಿಸಬೇಕಾಗಿತ್ತು."

"ನಾನು ಬಟನ್ ಒತ್ತೀನಿ, ನಾನು!" ಎಂದು ಗಿಲಕಿ ಮುಂದೆ ನುಗ್ಗಿ ಕೈ ಚಾಚಿತು. ಚಾಚಿದ್ದು ಎಡಗೈ. ಮಗು ಎಡಚಿ ಎಂಬುದು ಗಂಟಮ್ಮನಿಗೆ ಗೊತ್ತಿಲ್ಲದ್ದೇನಲ್ಲ, ಅದರ ತಾಯಿಯೂ ಎಡಚಿಯೇ. ಆದರೆ ಲಿಫ್ಟಿನ ಬಟನ್ ಅಷ್ಟು ಎತ್ತರದಲ್ಲಿರುತ್ತದೆಂದು ಆಕೆ ಲೆಕ್ಕ ಹಾಕಿರಲಿಲ್ಲ. ತುದಿಗಾಲಿನಲ್ಲಿ ನಿಂತ ಮಗು ಥಟ್ಟನೆ ಕೈ ಕೆಳಗಿಳಿಸಿ ಸೊಂಟ ಹಿಡಿದುಕೊಂಡಿತು. ಅಳಿಯ ಬಟನ್ ಒತ್ತಿದ. ಲಿಫ್ಟಿನೊಳಗೆ ಗಿಲಕಿ ಅಜ್ಜಿಯ ಸೆರಗು ಜಗ್ಗಿ, ಬಗ್ಗು ಎಂದು ಸನ್ನೆ ಮಾಡಿ, ಕಿವಿಗೆ ಬಾಯಿ ಇಟ್ಟಿತು.

"ಅಜ್ಜಿ, ಸಡಿಲ ಆಯ್ತು."

"ಏನೂ ಆಗಿಲ್ಲ."

"ಕೈ ಎತ್ತಿದ್ರೆ ಒಳಗೆ ಏನೋ ಜಾರತ್ತೆ."

"ಹೊಸ ಸೀರೆ ಉಟ್ಟಾಗ ಹಾಗೇ ಅನ್ಸತ್ತೆ. ಸುಮ್ಮನಿರು."

ಸೀರೆ ಹೊಸದಲ್ಲ ಎಂದು ಮಗುವಿಗೆ ಗೊತ್ತಿತ್ತು. ಅದು ಅಜ್ಜಿಯ ಮುಖವನ್ನೇ ನೋಡಿತು, ಲಿಫ್ಟು ಕೆಳಗೆ ಮುಟ್ಟುವವರೆಗೂ ನೋಡಿತು, ಆಮೇಲೆ ಎಡಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಕಾರಿನ ಕಡೆ ನಡೆಯಿತು. ದಾರಿಯುದ್ದಕ್ಕೂ ಅದು ಮಾತಾಡಲಿಲ್ಲ. ಏನು ಗಿಲಕಿ, ಬ್ಯಾಟರಿ ಮುಗೀತಾ? ಎಂದು ಅಳಿಯ ಕೇಳಿದ. ಸ್ಟೇಜ್ ಭಯ ಇರಬೇಕು, ಎಂದಳು ಅವನ ಹೆಂಡತಿ, ಹಿಂದೆ ತಿರುಗಿ ಮಗುವಿನ ಮೊಣಕಾಲು ತಟ್ಟಿ. ಗಂಟಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಂಗಡಿಗಳು ಆಗತಾನೆ ಬಾಗಿಲು ತೆರೆಯುತ್ತಿದ್ದವು, ಒಬ್ಬ ಗಾಜಿನ ಬಾಗಿಲಿಗೆ ನೀರೆರಚಿ ಒರೆಸುತ್ತಿದ್ದ. ಈಗಲೂ ಹೊತ್ತು ಮೀರಿಲ್ಲ ಎಂದಿತು ಒಂದು ಮನಸ್ಸು. ಶಾಲೆಯಲ್ಲಿ ಇಳಿದು, ಬಾ ಇಲ್ಲಿ ಎಂದು ಕರೆದು, ಒಂದು ಹೊಲಿಗೆ ಕಿತ್ತು, ಒಂದು ಗಂಟು ಹಾಕಿದರೆ ಮುಗಿಯಿತು. ಕಾರಿನ ಮುಂದಿನ ಕನ್ನಡಿಯಲ್ಲಿ ಅಳಿಯನ ಪಕ್ಕ ಕೂತವಳ ಹಣೆಯೂ ಹುಬ್ಬೂ ಕಾಣುತ್ತಿದ್ದವು. ಆ ಸೀಟು ಮಗಳದು. ಬೆನ್ನು ನೋಯುತ್ತದೆಂದು ಮಗಳು ಆ ಸೀಟನ್ನು ಹಿಂದಕ್ಕೆ ಬಾಗಿಸಿಕೊಳ್ಳುತ್ತಿದ್ದಳು, ಹಿಂದೆ ಕೂತ ಗಂಟಮ್ಮನ ಮೊಣಕಾಲಿಗೆ ತಾಗುತ್ತಿತ್ತು, ಆಕೆ ಗೊಣಗುತ್ತಿದ್ದಳು. ಈಗ ಮೊಣಕಾಲಿಗೆ ಧಾರಾಳ ಜಾಗ. ದೇವರೇ, ಇದೊಂದು ನಡೆಸಿಕೊಡು, ಎಂದಳು ಗಂಟಮ್ಮ ತುಟಿ ಅಲುಗಿಸದೆ. ಆಮೇಲೆ ಬೇಕಾದ ಶಿಕ್ಷೆ ಕೊಡು.

ಶಾಲೆಯ ಅಂಗಳದಲ್ಲಿ ಬಣ್ಣಗಳ ಜಾತ್ರೆಯೇ ನೆರೆದಿತ್ತು. ಪಂಚೆ ಉಟ್ಟ ಹುಡುಗರು ಪಂಚೆ ಎತ್ತಿಕೊಂಡು ಓಡುತ್ತಿದ್ದರು, ಸೀರೆಯ ಹುಡುಗಿಯರು ಗೊಂಬೆಗಳ ಹಾಗೆ ಕೈಗಳನ್ನು ಮೈಯಿಂದ ದೂರ ಹಿಡಿದು ನಡೆಯುತ್ತಿದ್ದರು. ಎಲ್ಲರ ಹೆಗಲ ಮೇಲೂ ಪಿನ್ನು. ತಾಯಂದಿರು ಗಿಲಕಿಯನ್ನು ಸುತ್ತಿಕೊಂಡರು. ನಿರಿಗೆ ನೋಡಿ, ಒಂದು ಪಿನ್ ಇಲ್ಲ, ಯಾರು ಉಡಿಸಿದ್ದು? ಎಂದು ಒಬ್ಬಳು ಕೇಳಿದಳು. ಅಳಿಯನ ಹೆಂಡತಿ ಒಂದು ಸಲ ಗಂಟಮ್ಮನ ಕಡೆ ನೋಡಿದಳು. ಗಂಟಮ್ಮ ರೆಪ್ಪೆ ಮುಚ್ಚಿ ತೆರೆದು, ಹೇಳು ಎಂದಳು.

"ನಾನೇ," ಎಂದಳು ಅವಳು. ಕಿವಿಯವರೆಗೆ ಕೆಂಪಾಗಿದ್ದಳು. "ಅಂದ್ರೆ... ನಾನೇ ಉಡಿಸಿದ್ದು."

"ಪರವಾಗಿಲ್ವೇ, ನಮಗೂ ಒಂದಿನ ಕ್ಲಾಸ್ ತಗೊಳ್ಳಿ!"

ಬಲೆಗೆ ಬಿದ್ದಳು, ಎಂದುಕೊಂಡಳು ಗಂಟಮ್ಮ. ಎದೆಯಲ್ಲಿ ಎಷ್ಟೋ ದಿನದ ಮೇಲೆ ಬಿಸಿ ಬಿಸಿಯಾದ ಒಂದು ಸುಖ ಹರಿಯಿತು. ಅದು ಸುಖವೆಂದು ಗುರುತಿಸಲು ಒಂದು ಗಳಿಗೆ ಹಿಡಿಯಿತು, ಅಷ್ಟು ಮರೆತುಹೋಗಿತ್ತು. ಸಭಾಂಗಣದಲ್ಲಿ ಆಕೆ ಬೇಕೆಂದೇ ಗಂಡಹೆಂಡಿರ ಹಿಂದಿನ ಸಾಲಿನಲ್ಲಿ ಕೂತಳು. ಅವಳ ಕತ್ತು ಕಾಣಬೇಕು, ತಲೆ ತಗ್ಗುವುದು ಕಾಣಬೇಕು. ಮುಂದೆ ಕೂತ ಅಳಿಯನ ತಲೆಯ ಹಿಂಭಾಗದಲ್ಲಿ ಕೂದಲು ತೆಳುವಾಗತೊಡಗಿತ್ತು. ದೀಪ ಆರಿತು. ಮೂರನೆಯ ತರಗತಿಯ ಹುಡುಗನೊಬ್ಬ ಭಾಷಣ ಮರೆತು, ಮೈಕಿನಲ್ಲೇ, ಮುಂದೇನು ಮಿಸ್? ಎಂದು ಕೇಳಿ ಎಲ್ಲರನ್ನೂ ನಗಿಸಿದ. ಗಂಟಮ್ಮನೂ ನಕ್ಕಳು. ವೇಷದ ಕೋಣೆಯ ಸಂದಿಯಲ್ಲಿ ನಿಂತು ರಾಣಿಯ ಕೈ ಮೇಲೇಳುವುದನ್ನೇ ಕಾಯುತ್ತಿದ್ದ ಹಾಗೆ ಈಗಲೂ ಕಾದಳು. ಒಂದು ಸಲವೂ ಆಕೆಯ ಗಂಟು ಮೊದಲೇ ಬಿಚ್ಚಿರಲಿಲ್ಲ, ಒಂದು ಸಲವೂ ತಡವಾಗಿರಲಿಲ್ಲ.

ಎರಡನೆಯ ತರಗತಿ ಬಂತು. ಗಿಲಕಿ ಮುಂದಿನ ಸಾಲಿನ ನಡುವೆ. ಬೆಳಕಿನಲ್ಲಿ ಈರುಳ್ಳಿ ಬಣ್ಣ ಹೊಳೆಯಿತು. ಅದೇ ಸೀರೆಯಲ್ಲಿ ಇನ್ನೊಬ್ಬಳು ಇನ್ನೊಂದು ಬೆಳಕಿನಲ್ಲಿ ನಿಂತು, ಹೇಗಿದೆಯಮ್ಮ ಎಂದು ತಿರುಗಿದ್ದಳು. ಆದರೆ ನೆನಪಿಗೆ ಇದು ಹೊತ್ತಲ್ಲವೆಂದು ಕಣ್ಣೊರೆಸಿಕೊಂಡು ನೋಡಿದಳು. ಹಾಡು ಶುರುವಾಯಿತು. ಮಕ್ಕಳು ಬಲಕ್ಕೆ ಬಾಗಿದರು, ಎಡಕ್ಕೆ ಬಾಗಿದರು, ಕಾಳು ಹೆಕ್ಕಿದರು. ಎಲ್ಲ ಮಕ್ಕಳೂ ಎರಡು ಕೈಯಲ್ಲಿ ಹೆಕ್ಕಿದರೆ ಗಿಲಕಿ ಒಂದೇ ಕೈಯಲ್ಲಿ ಹೆಕ್ಕಿತು. ಎಡಗೈ ಸೊಂಟದ ಮೇಲೆ ಇತ್ತು. ರೆಕ್ಕೆ ಬಡಿಯುವ ಸಾಲು ಬಂದಾಗ ಬಲರೆಕ್ಕೆ ಮಾತ್ರ ಬಡಿಯಿತು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಪರದೆಯ ಮರೆಯಿಂದ ಮಿಸ್ಸಿನ ಪಿಸುದನಿ ಸಭೆಗೆಲ್ಲ ಕೇಳಿಸಿತು: "ಎರಡೂ ಕೈ! ಎರಡೂ ಕೈ ಎತ್ತು!" ಗಿಲಕಿ ತಲೆ ಅಲ್ಲಾಡಿಸಿತು. ಅದರ ಕಣ್ಣು ಸಭೆಯಲ್ಲಿ ಹುಡುಕುತ್ತಿತ್ತು, ಅಪ್ಪನನ್ನು ದಾಟಿತು, ಅವಳನ್ನು ದಾಟಿತು, ಹಿಂದಿನ ಸಾಲಿಗೆ ಬಂದು ಅಜ್ಜಿಯ ಮೇಲೆ ನಿಂತಿತು. ಆಗ ಗಂಟಮ್ಮನಿಗೆ ತಿಳಿಯಿತು. ಮಗು ಕುಣಿತ ಮರೆತಿಲ್ಲ. ಮಗು ಗಂಟು ಹಿಡಿದುಕೊಂಡಿದೆ. ಬೆರಳುಗಳ ತುದಿ ಬೆಳ್ಳಗಾಗುವಷ್ಟು ಬಲವಾಗಿ, ಸೀರೆಯ ಮೇಲಿಂದಲೇ, ಅಜ್ಜಿ ಹಾಕಿದ ಗಂಟನ್ನು ಹಿಡಿದು ನಿಂತಿದೆ.

ಹಾಡಿನ ಕೊನೆಗೆ ಎಲ್ಲ ಕೈಗಳೂ ಮೇಲೆದ್ದವು, ಒಂದು ಬಿಟ್ಟು.

ಚಪ್ಪಾಳೆಯ ನಡುವೆ ಗಂಟಮ್ಮ ಕದಲಲಿಲ್ಲ. ಎದ್ದವರು ಆಕೆಯ ಕಾಲು ದಾಟಿಕೊಂಡು ಹೋದರು. ಹೊರಗಿನ ಕಾರಿಡಾರಿಗೆ ಬರುವಷ್ಟರಲ್ಲಿ ಕುಣಿತ ಕಲಿಸಿದ ಮಿಸ್ಸು ಅಳಿಯನ ಹೆಂಡತಿಯನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದಳು. ಗಿಲಕಿ ತರಗತಿಯಲ್ಲಿ ಎಲ್ಲ ಸರಿ ಮಾಡುತ್ತಿದ್ದಳು, ಮನೆಯಲ್ಲಿ ಅಭ್ಯಾಸ ಮಾಡಿಸಿ ಅಂತ ಎಷ್ಟು ಸಲ ಹೇಳಿದೆ, ಇಡೀ ತಂಡದ ಶ್ರಮ ಹಾಳು, ತಾಯಿಯಾದವರಿಗೆ ಸ್ವಲ್ಪ ಗಮನ ಬೇಡವೇ, ಎನ್ನುತ್ತಿದ್ದಳು. ನಿರಿಗೆ ಹೊಗಳಿದ್ದ ಹೆಂಗಸರು ಪಕ್ಕದಲ್ಲೇ ನಿಂತು ಚೀಲದಲ್ಲಿ ಏನೋ ಹುಡುಕುವವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದಳು. ಗಂಟಮ್ಮ ಕಾದಿದ್ದ ತಲೆ ತಗ್ಗಿತ್ತು. "ನನ್ನದೇ ತಪ್ಪು ಮಿಸ್," ಎಂದಳು ಅವಳು, "ಬೈಯೋದಿದ್ರೆ ನನಗೇ ಬೈರಿ, ಅವಳಿಗೇನೂ ಹೇಳಬೇಡಿ." ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು. ಸಭೆ, ಹೆಂಗಸರು, ಪಿಸುಮಾತು, ತಗ್ಗಿದ ತಲೆ, ಒಂದೂ ಕಡಿಮೆಯಿಲ್ಲ. ಗಂಟಮ್ಮ ಅದನ್ನು ಕಣ್ತುಂಬ ನೋಡಲು ಪ್ರಯತ್ನಿಸಿದಳು. ಗೋಡೆಯ ಇನ್ನೊಂದು ತುದಿಯಲ್ಲಿ ಗಿಲಕಿ ಒಂಟಿಯಾಗಿ ನಿಂತಿತ್ತು, ಎಡಗೈ ಸೊಂಟದ ಮೇಲೆಯೇ. ಅಪ್ಪ ಎತ್ತಿಕೊಳ್ಳಲು ಬಂದರೆ ಬೇಡವೆಂದು ಹಿಂದೆ ಸರಿಯಿತು.

"ಅಜ್ಜಿ ಬರ್ಲಿ. ಅಜ್ಜಿ ಮಾತ್ರ."

ಪಕ್ಕದ ತರಗತಿಯ ಬಾಗಿಲು ತೆರೆದಿತ್ತು. ಗಂಟಮ್ಮ ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದಳು. ಪುಟ್ಟ ಪುಟ್ಟ ಬೆಂಚುಗಳು, ಹಲಗೆಯ ಮೇಲೆ ಯಾರೋ ಅರ್ಧ ಒರೆಸಿದ ಒಂದು ಮೀನು. ಮಗು ಕೈ ತೆಗೆಯಿತು. ಸೀರೆ ಒಂದೇ ಸಲಕ್ಕೆ ಕಾಲಬುಡಕ್ಕೆ ಬಂತು, ಕಂಪನಿಯ ದಿನಗಳಲ್ಲಿ ಬರುತ್ತಿದ್ದ ಹಾಗೇ, ಸದ್ದಿಲ್ಲದೆ, ಚೊಕ್ಕವಾಗಿ. ನಡುವೆ ಚಡ್ಡಿಯಲ್ಲಿ ಮಗು ನಿಂತಿತ್ತು. ಹಿಡಿದು ಹಿಡಿದು ಮರಗಟ್ಟಿದ ಬೆರಳುಗಳನ್ನು ಅದು ಒಂದೊಂದಾಗಿ ನೆಟ್ಟಗೆ ಮಾಡಿಕೊಳ್ಳುತ್ತಿತ್ತು.

"ಬೀಳಿಸ್ಲಿಲ್ಲ ಅಜ್ಜಿ," ಎಂದಿತು. "ಹಿಡ್ಕೊಂಡಿದ್ದೆ."

ಗಂಟಮ್ಮ ಬೆಂಚಿನ ಮೇಲೆ ಕೂತಳು.

"ಬೇಕೂಂತ ಹಾಗೆ ಕಟ್ಟಿದ್ಯಾ?"

ಮಗುವಿನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ಒಂದು ಪದದ ಅರ್ಥ ಕೇಳುವ ಹಾಗೆ ಕೇಳಿತ್ತು. ಹೌದು ಎಂದುಬಿಡಬೇಕೆಂದು ಗಂಟಮ್ಮನಿಗೆ ಅನಿಸಿತು, ಬಾಯಿಯೂ ತೆರೆಯಿತು, ದೇವರು ನೋಡುತ್ತಿದ್ದಾನೆಂಬ ಅರಿವೂ ಇತ್ತು. ಬಂದ ಮಾತು ಬೇರೆ.

"ಇಲ್ಲ ಕಂದ. ವಯಸ್ಸಾಯ್ತಲ್ಲ. ಕೈಯಲ್ಲಿ ಶಕ್ತಿ ಇಲ್ಲ. ಗಂಟು ಗಟ್ಟಿ ಕೂರ್ಲಿಲ್ಲ."

"ಅಯ್ಯೋ ಅಮ್ಮಾ," ಎಂಬ ದನಿ ಬಾಗಿಲಿನಿಂದ ಬಂತು. ಅವಳು ಒಳಗೆ ಬಂದಿದ್ದಳು; ಯಾವಾಗ ಬಂದಳೋ. ನೆಲದ ಮೇಲೆ ಬಿದ್ದ ಸೀರೆ ನೋಡಿದಳು, ಮಗುವಿನ ಕೈ ನೋಡಿದಳು, ಈ ವರೆಗೆ ಆದದ್ದೆಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಅರ್ಥವಾಗುತ್ತ ಹೋಯಿತು. "ಇದಕ್ಕಾ ಕೈ ಎತ್ತದೇ ಇದ್ದಿದ್ದು? ಮೊದಲೇ ಹೇಳಬಾರದಾ ಬಂಗಾರಾ?" ಎಂದು ಮಗುವಿನ ತಲೆ ಸವರಿದಳು. ಆಮೇಲೆ ಗಂಟಮ್ಮನ ಮುಂದೆ ಮೊಣಕಾಲೂರಿ ಕೂತು ಆಕೆಯ ಎರಡೂ ಕೈಗಳನ್ನು ತೆಗೆದುಕೊಂಡಳು. "ಎಷ್ಟು ದಿನದಿಂದ ಹೀಗಾಗ್ತಿದೆ ಅಮ್ಮಾ? ಬೆರಳು ಜೋಮು ಹಿಡಿಯತ್ತಾ? ಇಲ್ಲಿ ಒತ್ತಿದ್ರೆ ನೋವಾ?" ಮಣಿಕಟ್ಟು, ಹೆಬ್ಬೆರಳಿನ ಬುಡ, ಗಿಣ್ಣುಗಳು. ಮಗಳ ಕಾಲನ್ನು ಎತ್ತುತ್ತಿದ್ದ ಕೈಗಳು ಇವೇ. ಬೆಚ್ಚಗಿದ್ದವು. "ನನ್ನ ಬೆರಳು ಹಿಡೀರಿ. ಹಾಂ. ಈಗ ನಿಮ್ಮ ಶಕ್ತಿಯೆಲ್ಲ ಹಾಕಿ ಹಿಸುಕಿ ನೋಡೋಣ."

ಆ ಎರಡು ಬೆರಳುಗಳು ಗಂಟಮ್ಮನ ಮುಷ್ಟಿಯೊಳಗೆ ಬಂದವು. ಹಗ್ಗ ಎಳೆದ ಕೈ, ಪರದೆಯ ತೂಕ ಹೊತ್ತ ಕೈ. ಮುರಿಯಬೇಕೆಂದರೆ ಈ ಬೆರಳುಗಳನ್ನು ಮುರಿಯಬಲ್ಲದು, ಈಗ, ಇಲ್ಲಿ, ಒಂದೇ ಹಿಡಿತಕ್ಕೆ. ಎಷ್ಟೋ ರಾತ್ರಿಗಳ ಸಿಟ್ಟು ಮೊಣಕೈಯಿಂದ ಇಳಿದು ಬಂದು ಅಂಗೈಯಲ್ಲಿ ನಿಂತಿತು. ಹಿಸುಕಿದರೆ ಸುಳ್ಳು ಬಯಲಾಗುತ್ತದೆ. ಗಿಲಕಿ ಪಕ್ಕದಲ್ಲೇ ನಿಂತು ಇಬ್ಬರ ಕೈಗಳನ್ನೂ ನೋಡುತ್ತಿತ್ತು. ಗಂಟಮ್ಮ ಹಲ್ಲು ಕಚ್ಚಿ, ಸಿಟ್ಟನ್ನೆಲ್ಲ ಹಿಂದಕ್ಕೆಳೆದುಕೊಂಡು, ಸೊರಗಿದ ಮುದುಕಿಯ ಕೈಯಂತೆ ಮೆಲ್ಲಗೆ, ಮುಟ್ಟಿದರೂ ಮುಟ್ಟದ ಹಾಗೆ ತುಸು ಒತ್ತಿದಳು. ಆಯುಷ್ಯದಲ್ಲಿ ಅಷ್ಟು ಕಷ್ಟದ ಕೆಲಸ ಆಕೆ ಮಾಡಿರಲಿಲ್ಲ.

ಅವಳು ಕೈ ಬಿಡಲಿಲ್ಲ. ಅದೇ ಕೆಲಸ ಮಾಡಿ ಅನ್ನ ತಿಂದವಳು. ನಿಜವಾಗಿ ಬಲ ಕಳೆದುಕೊಂಡ ಕೈ ಹೇಗಿರುತ್ತದೆ, ಬಲವನ್ನು ಹಿಡಿದಿಟ್ಟುಕೊಂಡ ಕೈ ಹೇಗೆ ನಡುಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದೆ ಹೋಗುತ್ತದೆಯೇ? ಗಂಟಮ್ಮನ ಮುಂಗೈಯ ಮೇಲೆ ಎದ್ದು ನಿಂತ ನರವನ್ನು ಅವಳು ನೋಡಿದಳು. ತಲೆಯೆತ್ತಿ ಮುಖ ನೋಡಿದಳು. ಕೆಳಗೆ ಬಿದ್ದ ಲಾಡಿಯನ್ನು ಎತ್ತಿ, ಅದರ ತುದಿಗೆ ಇನ್ನೂ ಅಂಟಿಕೊಂಡಿದ್ದ ಸೆರಗಿನ ಒಂದು ಹೊಲಿಗೆಯನ್ನು ಉಗುರಿನಿಂದ ಸವರಿದಳು. ಹೊರಗೆ ಯಾರೋ, ಎರಡನೆಯ ತರಗತಿಯ ತಾಯಂದಿರು ಮಕ್ಕಳು ಫೋಟೋಗೆ ಬನ್ನಿ, ಎಂದು ಕೂಗುತ್ತಿದ್ದರು. ಅವಳು ಹಲ್ಲಿನಿಂದ ಹೊಲಿಗೆ ಕಡಿದು ದಾರ ಎಳೆದು ಹಾಕಿದಳು. ಏಳುವಾಗ ಅವಳ ಮುಖದಲ್ಲಿ ಯಾವಾಗಲೂ ಇರುತ್ತಿದ್ದ ಆ ನಗು ಇರಲಿಲ್ಲ. ಗಂಟಮ್ಮ ಅವಳ ನಿಜವಾದ ಮುಖವನ್ನು ಅಂದೇ ಮೊದಲು ನೋಡಿದ್ದು.

"ಇನ್ಮೇಲೆ ಇವಳಿಗೆ ನಾನೇ ಉಡಿಸ್ತೀನಿ," ಎಂದಳು. ಅಮ್ಮಾ ಎನ್ನಲಿಲ್ಲ. "ನೀವು ಅಷ್ಟು ದೂರದಿಂದ ಬರೋದು ಬೇಡ. ಈಗ ಕೂತಲ್ಲಿಂದ ಹೇಳಿ, ಹೇಗೆ ಕಟ್ಟೋದು?"

ಗಂಟಮ್ಮ ಹೇಳಿದಳು. ಇನ್ನೇನು ಮಾಡಬಲ್ಲಳು? ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತು, ಲಾಡಿ ಹೊಕ್ಕುಳಿನ ಕೆಳಗೆ, ಎರಡು ಸುತ್ತು, ಎಂದಳು. ತಪ್ಪು ಹೇಳಬಹುದಾಗಿತ್ತು, ನಾಲಿಗೆಯ ತುದಿಗೆ ಬಂದ ತಪ್ಪನ್ನು ಮಗುವಿನ ಕಣ್ಣು ತಡೆಯಿತು. ಅಲ್ಲಲ್ಲ, ಬಲಕ್ಕೆ. ಮೇಲಿಂದ ತಗೊಂಡು ಒಳಗೆ. ಇನ್ನೊಂದು ಸಲ ಅದನ್ನೇ. ಅವಳ ಬೆರಳುಗಳು ಒರಟಾಗಿ ತಡವರಿಸಿದವು, ಕಲಿತವು.

"ಸಾಕಾ?"

"ಇನ್ನೂ ಬಿಗಿ."

"ಅವಳಿಗೆ ನೋಯಲ್ವಾ?"

"ನೋಯಲ್ಲ," ಎಂದಿತು ಗಿಲಕಿ.

"ಬಿಗಿ," ಎಂದಳು ಗಂಟಮ್ಮ. ತನ್ನ ದನಿ ಎಷ್ಟು ಒಣಗಿದೆಯೆಂದು ಆಕೆಗೇ ಕೇಳಿಸಿತು.

ನಿರಿಗೆಗಳು ಸೊಟ್ಟಗಿದ್ದವು, ಸೆರಗು ಒಂದು ಕಡೆ ಗಿಡ್ಡವಾಗಿತ್ತು. ಹೆಗಲಿಗೆ ಅವಳು ಒಂದು ಪಿನ್ನು ಹಾಕಿದಳು, ಯಾರನ್ನೂ ಕೇಳಲಿಲ್ಲ. ಮಗು ಅನುಮಾನದಿಂದ ಬಲಗೈ ಎತ್ತಿತು. ಆಮೇಲೆ ಎಡಗೈ, ಮೊದಲು ಕಿವಿಯವರೆಗೆ, ಆಮೇಲೆ ತಲೆಯ ಮೇಲಕ್ಕೆ. ಏನೂ ಜಾರಲಿಲ್ಲ. ಗಂಟಮ್ಮ ಆ ಗಂಟನ್ನು ಕಣ್ಣು ಕಿರಿದು ಮಾಡಿ ನೋಡಿದಳು, ಎಲ್ಲಾದರೂ ಒಂದು ತಪ್ಪು ಇರಬೇಕೆಂದು ಆಸೆಯಿಂದ ನೋಡಿದಳು. ಸರಿಯಾಗಿ ಹೇಳಿಕೊಟ್ಟಿದ್ದಳು.

ಹೊರಗೆ ಇನ್ನೊಮ್ಮೆ ಕೂಗಿದರು. ಅವಳು ಮಗುವಿನ ಕೈ ಹಿಡಿದು ಬಾಗಿಲು ದಾಟಿದಳು. ಮಗು ಕೈ ಬಿಡಿಸಿಕೊಂಡು ಓಡಿ ಬಂದು, ಬೆಂಚಿನ ಮೇಲೆ ಕೂತವಳ ಕಿವಿಗೆ ಬಾಯಿ ಇಟ್ಟಿತು.

"ಅಜ್ಜಿ, ನಾನು ಯಾರಿಗೂ ಹೇಳಲ್ಲ. ಆಯ್ತಾ?"

ಹೇಳು, ಎಲ್ಲರಿಗೂ ಹೇಳು, ಬೇಕೆಂದೇ ಕಟ್ಟಿದೆ, ನನ್ನ ಕೈಯಲ್ಲಿ ಇನ್ನೂ ಅಷ್ಟು ಶಕ್ತಿ ಇದೆ, ಎಂದು ಗಂಟಮ್ಮ ಕೂಗಬೇಕೆಂದು ಎದ್ದಳು. ಕಾರಿಡಾರಿನ ತುದಿಯಲ್ಲಿ ಈರುಳ್ಳಿ ಬಣ್ಣ ಗೋಡೆಯ ಆಚೆ ತಿರುಗುತ್ತಿತ್ತು. ಆ ಕಡೆಯಿಂದ ಫೋಟೋದವನ ದನಿ ಕೇಳಿಸಿತು: ತಾಯಂದಿರೆಲ್ಲ ಹಿಂದೆ ನಿಲ್ಲಿ, ಮಕ್ಕಳು ಮುಂದೆ, ಬೇರೆಯವರು ಯಾರೂ ಬೇಡ.